ಗಂಡಭೇರುಂಡಕ್ಕೊಂದು ಜೀವಶಾಸ್ತ್ರ

ಬೇಲೂರಿನ ಚೆನ್ನಕೇಶವ ದೇಗುಲದ ಶಿಲ್ಪಗಳ ನಡುವೆ ಒಂದು ಸರಣಿ ಬೇಟೆಯ ದೃಶ್ಯವಿದೆ. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ. ಹೆಬ್ಬಾವನ್ನು ಆನೆ ಎತ್ತಿದೆ. ಆನೆಯ ಮೇಲೆ ಸಿಂಹ ಎರಗಿದೆ. ಸಿಂಹಕ್ಕೆ ಶರಭವೆಂಬ ಪುರಾಣದ ಮೃಗ ಬಾಯಿ ಹಾಕಿದೆ. ಕೊನೆಗೆ ಆ ಶರಭವನ್ನೂ ಮುಗಿಸುತ್ತಿರುವುದು ಎರಡು ತಲೆಯ ಹಕ್ಕಿ, ಗಂಡಭೇರುಂಡ.

ದೇಗುಲದ ಪ್ರತಿಷ್ಠೆಯಾದದ್ದು 1117ರಲ್ಲಿ. ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ ಆಹಾರ ಸರಪಳಿಯನ್ನು ವಿವರಿಸಿ, ಸರಪಳಿಯ ತುದಿಗೆ ಹೋದಂತೆ ಪ್ರಾಣಿಗಳ ಸಂಖ್ಯೆ ಏಕೆ ಇಳಿಯುತ್ತದೆಂದು ಪುಸ್ತಕ ಬರೆದದ್ದು 1927ರಲ್ಲಿ. ಶಿಲ್ಪಿ ಕೆತ್ತಿದ್ದು ಬಲದ ಸರಪಳಿಯನ್ನು. ಸೊಪ್ಪು ತಿನ್ನುವ ಆನೆ ಹೆಬ್ಬಾವನ್ನು ತಿನ್ನುವುದಿಲ್ಲ. ಆದರೂ ಆ ಕೆತ್ತನೆಯಲ್ಲಿ ನಮ್ಮ ಕೆಲಸಕ್ಕೆ ಬೇಕಾದ ಮೊದಲ ಸುಳಿವು ಇದೆ. ಎಲ್ಲರ ಮೇಲೆ ಕೂತ ಪ್ರಾಣಿ ಎಲ್ಲರಿಗಿಂತ ಕಡಿಮೆ ಇರಲೇಬೇಕು.

ಈ ಅಧ್ಯಾಯದಲ್ಲಿ ಮಾಡಹೊರಟಿರುವುದು ಇಷ್ಟು. ಗಂಡಭೇರುಂಡ ನಿಜವಾಗಿ ಇದ್ದಿದ್ದರೆ ಅದರ ಮೈ ಹೇಗಿರುತ್ತಿತ್ತು, ಏನು ತಿನ್ನುತ್ತಿತ್ತು, ಎಷ್ಟು ಮೊಟ್ಟೆ ಇಡುತ್ತಿತ್ತು, ಇಂದು ಏಕೆ ಅಳಿಯುತ್ತಿರುತ್ತಿತ್ತು ಎಂದು ಜೀವಶಾಸ್ತ್ರದ ಲೆಕ್ಕ ಹಿಡಿದು ಕಟ್ಟುವುದು. ಬಳ್ಳಿಗಾವಿಯ ಕಂಬದ ಮೇಲೆ, ವಿಜಯನಗರದ ಅಚ್ಯುತದೇವರಾಯನ ನಾಣ್ಯದ ಮೇಲೆ, ಮೈಸೂರು ಅರಸರ ಲಾಂಛನದಲ್ಲಿ, ಇಂದಿನ ಕರ್ನಾಟಕ ಸರ್ಕಾರದ ಮುದ್ರೆಯಲ್ಲಿ ಕೂತಿರುವ ಈ ಹಕ್ಕಿ ನಮಗೆ ಚಿಕ್ಕಂದಿನಿಂದ ಪರಿಚಿತ. ಆದರೆ ಅದು ಹಸಿದಾಗ ಏನು ಮಾಡುತ್ತದೆ ಎಂದು ಯಾರೂ ಕೇಳಿಕೊಂಡಂತಿಲ್ಲ. ಕತೆ, ಸಿನಿಮಾ, ವಿಡಿಯೊ ಗೇಮುಗಳಿಗೆ ಕಾಲ್ಪನಿಕ ಪ್ರಾಣಿಗಳನ್ನು ಸೃಷ್ಟಿಸುವವರು ಸಾಮಾನ್ಯವಾಗಿ ಕೊಂಬು, ರೆಕ್ಕೆ, ಬಣ್ಣದಿಂದ ಶುರು ಮಾಡುತ್ತಾರೆ. ಆಮೇಲೆ ಒಬ್ಬ ಕ್ರೂರ ಬೇಟೆಗಾರನನ್ನು ತಂದು ಪ್ರಾಣಿಯನ್ನು ಅಳಿವಿನಂಚಿಗೆ ತಳ್ಳುತ್ತಾರೆ. ಹೀಗೆ ಹೊರಗಿನಿಂದ ಅಂಟಿಸಿದ ಅಳಿವು ನಂಬಿಕೆ ಹುಟ್ಟಿಸುವುದಿಲ್ಲ. ಯಾವ ಗುಣ ಒಂದು ಪ್ರಾಣಿಯನ್ನು ಸಾವಿರಾರು ವರ್ಷ ಗೆಲ್ಲಿಸಿತೋ ಅದೇ ಗುಣ ಸುತ್ತಲ ಲೋಕ ಬದಲಾದಾಗ ಅದನ್ನು ಸೋಲಿಸುತ್ತದೆ. ನಿಜವಾದ ಪ್ರಾಣಿಗಳಲ್ಲಿ ಮತ್ತೆ ಮತ್ತೆ ಕಾಣುವುದು ಇದು. ಹಾಗಾಗಿ ಅಳಿವಿನ ಬೀಜವನ್ನು ಪ್ರಾಣಿಯ ಬದುಕಿನೊಳಗೇ ಇಟ್ಟು ಕಟ್ಟಬೇಕು.

ಮೊದಲು ಊಟದ ಪ್ರಶ್ನೆ. ಅಚ್ಯುತದೇವರಾಯನ ನಾಣ್ಯದಲ್ಲಿ ಗಂಡಭೇರುಂಡ ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಹಿಡಿದಿದೆ. ಬೆಳೆದ ಗಂಡಾನೆಯ ತೂಕ ನಾಲ್ಕು ಟನ್ ಆಸುಪಾಸು. ಹುಟ್ಟಿದ ಮರಿಯೇ ಸುಮಾರು 100 ಕಿಲೊ. ಹದ್ದೊಂದು ತನ್ನದೇ ತೂಕದಷ್ಟನ್ನು ಹೊತ್ತು ದೂರ ಹಾರುವುದೂ ಕಷ್ಟ. ಹಾಗಿರುವಾಗ ಆನೆ ಎತ್ತುವ ಹಕ್ಕಿ ಎಷ್ಟು ದೊಡ್ಡದಿರಬೇಕು?

ಇಲ್ಲಿ ಗೆಲಿಲಿಯೊ 1638ರಲ್ಲಿ ಬರೆದಿಟ್ಟ ಒಂದು ಸರಳ ನಿಯಮ ಅಡ್ಡ ಬರುತ್ತದೆ. ಹಕ್ಕಿಯನ್ನು ಉದ್ದ, ಅಗಲ, ಎತ್ತರ ಮೂರರಲ್ಲೂ ಎರಡು ಪಟ್ಟು ಹಿಗ್ಗಿಸಿದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ಮೈತೂಕ ಎಂಟು ಪಟ್ಟಾಗುತ್ತದೆ. ರೆಕ್ಕೆಯ ಪ್ರತಿ ಚದರ ಅಂಗುಲವೂ ಮೊದಲಿಗಿಂತ ಇಮ್ಮಡಿ ಭಾರ ಹೊರಬೇಕು. ಆದ್ದರಿಂದ ಹಾರುವ ಹಕ್ಕಿಗಳ ಗಾತ್ರ ಒಂದು ಮಿತಿ ದಾಟುವುದಿಲ್ಲ. ಇಂದು ಬದುಕಿರುವವುಗಳಲ್ಲಿ ದಕ್ಷಿಣ ಅಮೆರಿಕದ ಆಂಡಿಯನ್ ಕಾಂಡರ್ 15 ಕಿಲೊ ಮುಟ್ಟುತ್ತದೆ, ರೆಕ್ಕೆ ಬಿಚ್ಚಿದರೆ ಮೂರು ಮೀಟರಿಗೂ ಹೆಚ್ಚು. ಅರ್ಜೆಂಟೀನಾದಲ್ಲಿ ಸುಮಾರು 60 ಲಕ್ಷ ವರ್ಷಗಳ ಹಿಂದೆ ಇದ್ದ ಅರ್ಜೆಂಟಾವಿಸ್ 70 ಕಿಲೊ ತೂಗುತ್ತಿತ್ತೆಂದು ಮೂಳೆಗಳ ಅಳತೆಯಿಂದ ಅಂದಾಜು ಮಾಡಿದ್ದಾರೆ. ಅದೂ ಆನೆ ಎತ್ತುವ ಜೀವಿಯಲ್ಲ.

ಎತ್ತದೆ ಕೊಲ್ಲಬಹುದೇ? ನ್ಯೂಜಿಲೆಂಡಿನ ಹಾಸ್ಟ್ ಹದ್ದು ಹಾಗೆ ಮಾಡುತ್ತಿತ್ತು. 10ರಿಂದ 15 ಕಿಲೊ ತೂಕದ ಈ ಹದ್ದು 200 ಕಿಲೊವರೆಗಿನ ಮೋವಾ ಹಕ್ಕಿಯ ಮೇಲೆರಗಿ, ಬೆನ್ನೆಲುಬು, ಸೊಂಟದ ಮೂಳೆಗೆ ಉಗುರು ಚುಚ್ಚಿ ಕೆಡವಿ, ಅಲ್ಲೇ ನೆಲದ ಮೇಲೆ ಕೂತು ತಿನ್ನುತ್ತಿತ್ತು. ಆದರೆ ಮೋವಾ ಒಂಟಿ, ಹಾರಲಾರದ ಹಕ್ಕಿ. ಆನೆಮರಿಯ ಸುತ್ತ ತಾಯಿ, ಅಜ್ಜಿ, ದೊಡ್ಡಮ್ಮಂದಿರ ಕೋಟೆ ಇರುತ್ತದೆ. ಅಲ್ಲಿಗೆ ಎರಗುವ ಹಕ್ಕಿ ಒಮ್ಮೆ ತುಳಿತಕ್ಕೆ ಸಿಕ್ಕರೆ ಕತೆ ಮುಗಿಯಿತು.

ನನ್ನ ಆಯ್ಕೆ ಬೇರೆ. ನಮ್ಮ ಗಂಡಭೇರುಂಡ ಆನೆ ತಿನ್ನುತ್ತದೆ, ಸತ್ತ ಆನೆಯನ್ನು. ಇದರಿಂದ ಅದರ ಘನತೆ ಕುಂದುವುದಿಲ್ಲ. ಕಾಡಿನಲ್ಲಿ ಒಂದು ಆನೆ ಸತ್ತರೆ ಟನ್ನುಗಟ್ಟಲೆ ಮಾಂಸ ಒಂದೇ ಕಡೆ ಬಿದ್ದಿರುತ್ತದೆ, ಆದರೆ ಅದರ ಬಾಗಿಲು ಮುಚ್ಚಿರುತ್ತದೆ. ಆನೆಯ ತೊಗಲನ್ನು ಸಾಮಾನ್ಯ ಕೊಕ್ಕು ಸೀಳಲಾರದು. ರಣಹದ್ದುಗಳು ಕಣ್ಣು, ಬಾಯಿ, ಗುದದಂಥ ಮೆತ್ತನೆಯ ಜಾಗ ಹುಡುಕಬೇಕು, ಇಲ್ಲವೇ ಕೊಳೆತು ಬಿರಿಯುವ ತನಕ ಕಾಯಬೇಕು. ಆಫ್ರಿಕಾದಲ್ಲಿ ದಪ್ಪ ಕೊಕ್ಕಿನ ಲ್ಯಾಪೆಟ್ ಮುಖದ ರಣಹದ್ದು ಬಂದು ಗಟ್ಟಿ ಚರ್ಮ ಹರಿದ ಮೇಲೆ ಸಣ್ಣ ರಣಹದ್ದುಗಳಿಗೆ ಊಟ ಸುಲಭವಾಗುತ್ತದೆ. ದಕ್ಷಿಣ ಭಾರತದ ಕಾಡಿನಲ್ಲಿ ಆನೆಯ ಹೆಣ ತೆರೆಯುವ ಕೆಲಸಕ್ಕೆ ಅಂಥ ಹಕ್ಕಿ ಇಲ್ಲ. ಆ ಖಾಲಿ ಹುದ್ದೆಗೆ ಗಂಡಭೇರುಂಡವನ್ನು ಕೂರಿಸೋಣ. ತೂಕ 20 ಕಿಲೊ, ರೆಕ್ಕೆಹರವು ಮೂರೂವರೆ ಮೀಟರ್, ಕತ್ತಿಯಂತೆ ಬಾಗಿದ ಆಳವಾದ ಕೊಕ್ಕು, ಬೇಟೆಗಿಂತ ಹಿಡಿತಕ್ಕೆ ಹೊಂದಿದ ಗಟ್ಟಿ ಪಾದ. ಆನೆಯ ಮೇಲೆ ಕೂತು ಅದನ್ನು ಸೀಳುವ ಹಕ್ಕಿಯನ್ನು ದೂರದಿಂದ ಕಂಡವರು, ಅದೇ ಆನೆಯನ್ನು ಕೊಂದಿತೆಂದು ತಿಳಿದರೆ ಆಶ್ಚರ್ಯವಿಲ್ಲ. ನಾಣ್ಯದ ಚಿತ್ರ ಅಲ್ಲಿಂದ ಹುಟ್ಟಿತೆಂದು ನಮ್ಮ ಕತೆಯಲ್ಲಿ ಹೇಳಬಹುದು.

ಇಷ್ಟು ಭಾರದ ಹಕ್ಕಿ ರೆಕ್ಕೆ ಬಡಿದು ಹಾರಿದರೆ ಉಳಿಯಲಾರದು. ಆಂಡಿಯನ್ ಕಾಂಡರುಗಳ ಮೈಗೆ ಉಪಕರಣ ಕಟ್ಟಿ ನಡೆಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಅವು ಹಾರಾಟದ ಹೊತ್ತಿನಲ್ಲಿ ರೆಕ್ಕೆ ಬಡಿಯುವುದು ನೂರಕ್ಕೆ ಒಂದು ಪಾಲು ಮಾತ್ರ. ಒಂದು ಹಕ್ಕಿ ಐದು ಗಂಟೆ ಕಾಲ, 172 ಕಿಲೊಮೀಟರ್, ಒಮ್ಮೆಯೂ ಬಡಿಯದೆ ತೇಲಿತ್ತು. ಆ ಅಲ್ಪಸ್ವಲ್ಪ ಬಡಿತದಲ್ಲಿ ಮುಕ್ಕಾಲು ಪಾಲು ನೆಲದಿಂದ ಮೇಲೇಳುವಾಗಿನದು. ಹೀಗಾಗಿ ಗಂಡಭೇರುಂಡಕ್ಕೆ ಬೆಳಗ್ಗೆ ಬಂಡೆ ಕಾದು ಮೇಲೇಳುವ ಬಿಸಿಗಾಳಿ ಬೇಕು, ಜಿಗಿದು ಗಾಳಿಗೆ ಬೀಳಲು ಕಡಿದಾದ ಬಂಡೆಯ ಬೆಟ್ಟ ಬೇಕು. ನಮ್ಮ ಬಯಲುಸೀಮೆಯಲ್ಲಿ ಎದ್ದು ನಿಂತ ಕಲ್ಲುಬೆಟ್ಟಗಳೇ ಅದರ ಮನೆ, ಪಶ್ಚಿಮಕ್ಕೆ ಹರಡಿದ ಆನೆಕಾಡು ಅದರ ಊಟದ ಜಾಗ. ಮಳೆಗಾಲದ ಮೋಡ ಮುಚ್ಚಿದ ದಿನಗಳಲ್ಲಿ ಅದು ಹಾರಲಾರದೆ ಬಂಡೆಯ ಮೇಲೆ ಉಪವಾಸ ಕೂರುತ್ತದೆ. ವಾರಗಟ್ಟಲೆ ಹಸಿವು ತಡೆಯುವ ದೇಹ ಇದ್ದರಷ್ಟೇ ಈ ಬದುಕು ಸಾಧ್ಯ.

ಈಗ ಎರಡು ತಲೆ. ಇದನ್ನು ಬಿಟ್ಟರೆ ಗಂಡಭೇರುಂಡವೇ ಇಲ್ಲ, ಆದ್ದರಿಂದ ಇಲ್ಲಿ ನಿಧಾನವಾಗಿ ಯೋಚಿಸಬೇಕು.

ಎರಡು ತಲೆಯ ಹಾವು, ಆಮೆ, ಕರು ಹುಟ್ಟಿದ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ಭ್ರೂಣ ಬೆಳೆಯುವ ಆರಂಭದಲ್ಲೇ ಅದರ ಮೂಲರೇಖೆ ಕವಲೊಡೆದರೆ ಹೀಗಾಗುತ್ತದೆ. ಜರ್ಮನಿಯ ಹಾನ್ಸ್ ಸ್ಪೆಮನ್ ಹಸುಗೂಸಿನ ಕೂದಲೆಳೆಯಿಂದ ನ್ಯೂಟ್ ಎಂಬ ಉಭಯವಾಸಿಯ ಮೊಟ್ಟೆಯ ನಡುವಿಗೆ ಕುಣಿಕೆ ಹಾಕಿ, ಅರ್ಧಂಬರ್ಧ ಬಿಗಿದು, ಎರಡು ತಲೆಯ ಮರಿಗಳನ್ನು ಪಡೆದಿದ್ದರು. 1924ರಲ್ಲಿ ಅವರೂ ಅವರ ವಿದ್ಯಾರ್ಥಿನಿ ಹಿಲ್ಡೆ ಮ್ಯಾಂಗೋಲ್ಡ್ ಅವರೂ ಪ್ರಕಟಿಸಿದ ಪ್ರಯೋಗ ಇನ್ನೂ ಮುಂದೆ ಹೋಯಿತು. ಒಂದು ಭ್ರೂಣದ ಚಿಕ್ಕ ಚೂರನ್ನು ಇನ್ನೊಂದಕ್ಕೆ ಕಸಿ ಮಾಡಿದಾಗ, ಆ ಚೂರು ಸುತ್ತಲಿನ ಜೀವಕೋಶಗಳನ್ನೂ ಸೇರಿಸಿಕೊಂಡು ಎರಡನೆಯ ದೇಹವನ್ನೇ ಕಟ್ಟತೊಡಗಿತು. ಭ್ರೂಣಶಾಸ್ತ್ರದ ದಿಕ್ಕು ಬದಲಿಸಿದ ಈ ಕೆಲಸದ ಲೇಖನ ಹೊರಬಂದ ವರ್ಷವೇ ಹಿಲ್ಡೆ ಅಡುಗೆಮನೆಯ ಬೆಂಕಿ ಅನಾಹುತದಲ್ಲಿ ತೀರಿಕೊಂಡರು. ನೊಬೆಲ್ 1935ರಲ್ಲಿ ಸ್ಪೆಮನ್ ಒಬ್ಬರಿಗೇ ಬಂತು.

ಎರಡು ತಲೆ ಮೂಡುವುದು ಸಾಧ್ಯ, ಸರಿ. ಆದರೆ ಅದು ಬೆಳವಣಿಗೆಯಲ್ಲಾದ ಅಪಘಾತ. ತಾಯಿಯಿಂದ ಮಗುವಿಗೆ ದಾಟುವ ಗುಣವಲ್ಲ. ಎರಡು ತಲೆಯ ಹಾವುಗಳಲ್ಲಿ ತಲೆಗಳು ಒಂದೇ ತುತ್ತಿಗೆ ಕಿತ್ತಾಡುತ್ತವೆ, ಒಂದು ಎಡಕ್ಕೆ ಎಳೆದರೆ ಇನ್ನೊಂದು ಬಲಕ್ಕೆ. ಕಾಡಿನಲ್ಲಿ ಅಂಥವು ಬಹುಕಾಲ ಬಾಳುವುದಿಲ್ಲ. ಹಾರುವ ಹಕ್ಕಿಗಂತೂ ಇದು ಇನ್ನೂ ದುಬಾರಿ. ಹಲ್ಲು ಬಿಟ್ಟು, ಮೂಳೆ ಟೊಳ್ಳು ಮಾಡಿಕೊಂಡು, ಒಂದೊಂದು ಗ್ರಾಂ ಉಳಿಸಿದ ವಂಶ ಅದು. ಮುಂದೆ ಇನ್ನೊಂದು ತಲೆಬುರುಡೆ, ಇನ್ನೊಂದು ಕತ್ತು, ಹೆಚ್ಚು ಶಕ್ತಿ ನುಂಗುವ ಇನ್ನೊಂದು ಮಿದುಳು ಹೊತ್ತು ತಿರುಗಿದರೆ ಸಿಗುವ ಲಾಭ ಏನು?

ಎರಡನೆಯ ದಾರಿ, ಸುಳ್ಳು ತಲೆ. ಹಿಮಾಲಯದ ತಪ್ಪಲಿನ ಕಾಲರ್ಡ್ ಔಲೆಟ್ ಎಂಬ ಪುಟ್ಟ ಗೂಬೆಯ ಹಿಂದಲೆಯಲ್ಲಿ ಕಣ್ಣಿನಂಥ ಎರಡು ಕಪ್ಪು ಮಚ್ಚೆಗಳಿವೆ, ಹಿಂದಿನಿಂದ ನೋಡಿದರೂ ನಮ್ಮನ್ನೇ ದಿಟ್ಟಿಸಿದಂತೆ ಕಾಣುತ್ತದೆ. ಕೆಲವು ಚಿಟ್ಟೆಗಳ ರೆಕ್ಕೆಯ ತುದಿಯಲ್ಲಿ ಸುಳ್ಳು ತಲೆ, ಸುಳ್ಳು ಮೀಸೆ ಇರುತ್ತವೆ. ಕಚ್ಚಲು ಬಂದವರಿಗೆ ಸಿಗುವುದು ರೆಕ್ಕೆಯ ಚೂರು. ಒಪ್ಪುವಂಥ ಪರಿಹಾರವೇ. ಆದರೆ 20 ಕಿಲೊ ತೂಕದ ಹಕ್ಕಿಗೆ ಹೆದರಬೇಕಾದ ಶತ್ರು ಯಾರು?

ಮೂರನೆಯ ದಾರಿಯೇ ನನಗೆ ಹಿಡಿಸಿದ್ದು. ಎರಡು ತಲೆ ಒಂದು ಹಕ್ಕಿಯದಲ್ಲ, ಒಂದು ಜೋಡಿಯದು.

ಜೋಡಿಯಾಗಿ ಬಾಳುವ ಹಕ್ಕಿಗಳು ತಮ್ಮ ನಂಟನ್ನು ಕುಣಿತದಲ್ಲಿ, ಜೋಡಿ ಕೂಗಿನಲ್ಲಿ ಕಟ್ಟುತ್ತವೆ. ಉತ್ತರ ಭಾರತದ ಗದ್ದೆಗಳಲ್ಲಿ ಸಾರಸ ಕೊಕ್ಕರೆಗಳ ಗಂಡುಹೆಣ್ಣು ಒಂದರ ಕೂಗಿಗೆ ಇನ್ನೊಂದು ಕೂಗು ಸೇರಿಸಿ ಒಂದೇ ದನಿಯಂತೆ ಕೇಳಿಸುತ್ತವೆ. ಗ್ರೀಬ್ ಹಕ್ಕಿಗಳು ನೀರಿನ ಮೇಲೆ ಎದೆಗೆದೆ ತಾಗಿಸಿ ಎದ್ದು ನಿಂತು ಕನ್ನಡಿ ಬಿಂಬದಂತೆ ಕತ್ತು ತೂಗುತ್ತವೆ. ನಮ್ಮ ಗಂಡಭೇರುಂಡದ ಜೋಡಿ ಮೈಗೆ ಮೈ ಹಚ್ಚಿ, ಒಳಬದಿಯ ರೆಕ್ಕೆ ಮಡಚಿ ಹೊರಬದಿಯ ರೆಕ್ಕೆಯನ್ನು ಪೂರ್ತಿ ಬಿಚ್ಚಿ, ಕೊಕ್ಕುಗಳನ್ನು ಎಡಕ್ಕೊಂದು ಬಲಕ್ಕೊಂದು ತಿರುಗಿಸಿ ನಿಲ್ಲುತ್ತದೆ. ಕೆಳಗಿನ ಹಾದಿಯಲ್ಲಿ ಹೋಗುವವರಿಗೆ ಬಂಡೆಯ ನೆತ್ತಿಯಲ್ಲಿ ಕಾಣುವುದು ಒಂದು ಮೈ, ಎರಡು ರೆಕ್ಕೆ, ಎರಡು ತಲೆ. ಸರ್ಕಾರಿ ಲಾಂಛನದ ಭಂಗಿಯೇ.

ಇಷ್ಟಕ್ಕೆ ನಿಲ್ಲಿಸಿದರೆ ಅದು ಬರಿ ಅಲಂಕಾರವಾಗುತ್ತದೆ. ಭಂಗಿಯ ಹಿಂದೆ ಹೊಟ್ಟೆಪಾಡು ಇರಬೇಕು. ಆನೆಯ ತೊಗಲು ಸೀಳುವುದು ಒಂದು ಕೊಕ್ಕಿನಿಂದ ಆಗುವ ಕೆಲಸವಲ್ಲ ಎಂದು ಇಟ್ಟುಕೊಳ್ಳೋಣ. ಒಂದು ಹಕ್ಕಿ ತೊಗಲಿನ ಮಡಿಕೆಯನ್ನು ಕಚ್ಚಿ ಹಿಂದಕ್ಕೆ ಜಗ್ಗಿ ಬಿಗಿಹಿಡಿಯಬೇಕು, ಇನ್ನೊಂದು ಬಿಗಿದ ಜಾಗದಲ್ಲಿ ಕೊಯ್ಯಬೇಕು. ನಮ್ಮ ಮನೆಗಳಲ್ಲಿ ಗಟ್ಟಿ ಬಟ್ಟೆ ಕತ್ತರಿಸುವಾಗ ಒಬ್ಬರು ಸೆಳೆದು ಹಿಡಿದುಕೊಳ್ಳುವ ಹಾಗೆ. ಯಾರು ಹಿಡಿಯಬೇಕು, ಯಾರು ಕೊಯ್ಯಬೇಕು, ಯಾವಾಗ ಸರದಿ ಬದಲಿಸಬೇಕು ಎಂಬ ಹೊಂದಾಣಿಕೆಯೇ ಬಂಡೆಯ ಮೇಲಿನ ಕುಣಿತದಲ್ಲಿ ವರ್ಷಗಟ್ಟಲೆ ಅಭ್ಯಾಸವಾಗುತ್ತದೆ. ಚೆನ್ನಾಗಿ ಹೊಂದಿಕೊಂಡು ಕುಣಿಯುವ ಜೋಡಿ ಚೆನ್ನಾಗಿ ಉಣ್ಣುತ್ತದೆ, ಚೆನ್ನಾಗಿ ಉಂಡ ಜೋಡಿ ಮರಿ ಸಾಕುತ್ತದೆ. ವಿಕಾಸ ಇಂಥ ಕುಣಿತವನ್ನು ತಲೆಮಾರಿನಿಂದ ತಲೆಮಾರಿಗೆ ಹರಿತಗೊಳಿಸುತ್ತದೆ.

ಅಳಿವಿನ ಬೀಜವೂ ಇಲ್ಲೇ ಬಿತ್ತನೆಯಾಯಿತು. ಒಂಟಿಯಾದ ಗಂಡಭೇರುಂಡ ಆನೆಯ ಹೆಣದ ಮುಂದೆ ಕೂತೂ ಹಸಿದಿರುತ್ತದೆ.

ಎಷ್ಟು ಹಕ್ಕಿಗಳು ಬದುಕಬಹುದು? 2023ರ ಗಣತಿಯ ಪ್ರಕಾರ ಕರ್ನಾಟಕದ ಕಾಡಾನೆಗಳು 6,395. ವರ್ಷಕ್ಕೆ ನೂರಕ್ಕೆ ಮೂರು ಸಾಯುತ್ತವೆಂದು ಊಹಿಸಿದರೆ ಸುಮಾರು 190 ಹೆಣ. ದೊಡ್ಡದು ಚಿಕ್ಕದು ಸೇರಿ ಸರಾಸರಿ ಒಂದೂವರೆ ಟನ್, ಅದರಲ್ಲಿ ಮೂಳೆ, ಕೊಳೆತದ್ದು, ಹುಳುಹುಪ್ಪಟೆ, ಕತ್ತೆಕಿರುಬ, ಹಂದಿಗಳ ಪಾಲು ಕಳೆದು ಕಾಲು ಭಾಗ ನಮ್ಮ ಹಕ್ಕಿಗೆ ಸಿಕ್ಕಿತೆಂದರೆ ವರ್ಷಕ್ಕೆ 70 ಟನ್ನಿಗೆ ತುಸು ಹೆಚ್ಚು. ಒಂದು ಹಕ್ಕಿಗೆ ದಿನಕ್ಕೆ ಸರಾಸರಿ 1.2 ಕಿಲೊ, ವರ್ಷಕ್ಕೆ 440 ಕಿಲೊ. ಭಾಗಿಸಿದರೆ ಬರುವ ಉತ್ತರ 160 ಹಕ್ಕಿ. ಆನೆಗಣತಿ ಬಿಟ್ಟರೆ ಉಳಿದವೆಲ್ಲ ನಾವೇ ಇಟ್ಟುಕೊಂಡ ಅಂಕಿಗಳು, ಬೇಕಾದವರು ಬದಲಿಸಿಕೊಳ್ಳಬಹುದು. ಆದರೆ ಹೇಗೆ ಬದಲಿಸಿದರೂ ಸಾವಿರಾರು ಹಕ್ಕಿ ಬರುವುದಿಲ್ಲ. ಯಾರೂ ಕೊಲ್ಲದೆ, ಯಾವ ಶಾಪವೂ ತಟ್ಟದೆ, ಎಲ್ಲ ನೆಟ್ಟಗಿರುವಾಗಲೇ ಗಂಡಭೇರುಂಡ ಇಡೀ ರಾಜ್ಯಕ್ಕೆ ನೂರರ ಲೆಕ್ಕದ ಹಕ್ಕಿ.

ಇಷ್ಟು ಕಡಿಮೆ ಇರುವ, ಶತ್ರುವಿಲ್ಲದ, ದೀರ್ಘಾಯುಷಿ ಪ್ರಾಣಿಗಳು ಮಕ್ಕಳ ವಿಷಯದಲ್ಲಿ ಅವಸರ ಮಾಡುವುದಿಲ್ಲ. ಕಾಂಡರ್ ಸಾಮಾನ್ಯವಾಗಿ ಎರಡು ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಗಂಡಭೇರುಂಡಕ್ಕೂ ಅದೇ ಇರಲಿ, ಪ್ರಾಯಕ್ಕೆ ಬರಲು ಎಂಟು ವರ್ಷ. 160ರಲ್ಲಿ 100 ಬೆಳೆದ ಹಕ್ಕಿ, 60 ಎಳೆಯವು ಎಂದುಕೊಂಡರೆ ಜೋಡಿಗಳು 50. ವರ್ಷಕ್ಕೆ 25 ಮೊಟ್ಟೆ. ಒಡೆಯದ ಮೊಟ್ಟೆ, ಗೂಡಿನಿಂದ ಬಿದ್ದ ಮರಿ, ಮೊದಲ ಮಳೆಗಾಲದ ಉಪವಾಸ ತಡೆಯದ ಮರಿ ಎಲ್ಲ ಕಳೆದು ಎಂಟು ವರ್ಷ ದಾಟಿ ಜೋಡಿ ಹುಡುಕುವ ಹಂತಕ್ಕೆ ಬರುವವು ವರ್ಷಕ್ಕೆ ನಾಲ್ಕು. ಬೆಳೆದ ಹಕ್ಕಿಗಳಲ್ಲೂ ವರ್ಷಕ್ಕೆ ನಾಲ್ಕು ಸಾಯುತ್ತವೆ. ಜಮಾ ಖರ್ಚು ಸರಿಹೋಯಿತು. ಹೊಯ್ಸಳರ ಕಾಲದಿಂದ ಹೀಗೇ ನಡೆದುಬಂದಿದೆ.

ಈಗ ಬೆಳೆದ ಹಕ್ಕಿಗಳ ಸಾವು ನಾಲ್ಕರಿಂದ ಎಂಟಕ್ಕೆ ಏರಲಿ. ಊರವರ ಕಣ್ಣಿಗೆ ಏನೂ ಬೀಳುವುದಿಲ್ಲ. ಒಂದು ಬೆಟ್ಟದ ಮೇಲೆ ಹೋದ ವರ್ಷ ಇಪ್ಪತ್ತು ಹಕ್ಕಿಗಳಿದ್ದರೆ ಈ ವರ್ಷ ಹತ್ತೊಂಬತ್ತು. ಬಂಡೆಯ ಮೇಲೆ ಹಿಕ್ಕೆಯ ಬಿಳಿ ಗೆರೆಗಳು ಇದ್ದ ಹಾಗೇ ಇವೆ. ಆದರೂ ಸುಮಾರು 20 ವರ್ಷದಲ್ಲಿ ಅರ್ಧ ಹಕ್ಕಿಗಳು ಇಲ್ಲವಾಗುತ್ತವೆ. ಮೊಟ್ಟೆ ಕದಿಯುವವರನ್ನು ತಡೆದರೂ, ಗೂಡು ಕಾದರೂ ಈ ಇಳಿತ ನಿಲ್ಲುವುದಿಲ್ಲ, ಏಕೆಂದರೆ ಸೋರಿಕೆ ಬೆಳೆದ ಹಕ್ಕಿಗಳಲ್ಲಿದೆ. ದೀರ್ಘಾಯುಷಿ ಪ್ರಾಣಿಗಳನ್ನು ಕುರಿತ ಕತೆಗಳಲ್ಲಿ ಮರಿಗಳ ರಕ್ಷಣೆಗೆ ಸಿಗುವ ಗಮನವನ್ನು ಕಂಡಾಗೆಲ್ಲ ನನಗೆ ಅನ್ನಿಸುವುದು ಇದು: ಕಾಪಾಡಬೇಕಾದದ್ದು ಮೊದಲು ತಾಯಿತಂದೆಯನ್ನು.

ಸಾವು ಇಮ್ಮಡಿಯಾಗಲು ಕಾರಣ ಏನು? ಇದಕ್ಕೆ ಕಲ್ಪನೆಯ ನೆರವು ಬೇಕಿಲ್ಲ, ಭಾರತದ ರಣಹದ್ದುಗಳಿಗೆ ಆದದ್ದು ಕಣ್ಣ ಮುಂದಿದೆ. 1990ರ ದಶಕದಲ್ಲಿ ರಾಜಸ್ಥಾನದ ಭರತಪುರದ ಕೇವಲಾದೇವ್ ಪಕ್ಷಿಧಾಮದಲ್ಲಿ ವಿಭು ಪ್ರಕಾಶ್ ಅವರು ರಣಹದ್ದುಗಳ ಗೂಡುಗಳು ಖಾಲಿಯಾಗುತ್ತಿರುವುದನ್ನು ದಾಖಲಿಸಿದರು. ಕತ್ತು ಜೋತುಬಿಟ್ಟು ಕೂತ ಹಕ್ಕಿಗಳು ಮರದಿಂದ ಉರುಳಿ ಬೀಳುತ್ತಿದ್ದವು. ರೋಗಾಣುವೇ, ಕೀಟನಾಶಕವೇ ಎಂದು ವರ್ಷಗಟ್ಟಲೆ ಹುಡುಕಾಟ ನಡೆಯಿತು. 2004ರಲ್ಲಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಪಾಕಿಸ್ತಾನದಲ್ಲಿ ನಡೆಸಿದ ಅಧ್ಯಯನದಿಂದ ಉತ್ತರ ಸಿಕ್ಕಿತು: ಡೈಕ್ಲೊಫೆನಾಕ್, ದನಗಳಿಗೆ ಕೊಡುವ ನೋವಿನ ಔಷಧ. ಔಷಧ ಪಡೆದು ಸ್ವಲ್ಪದರಲ್ಲೇ ಸತ್ತ ದನದ ಮಾಂಸ ತಿಂದ ರಣಹದ್ದಿನ ಮೂತ್ರಪಿಂಡ ಕೆಡುತ್ತದೆ, ಯೂರಿಕ್ ಆಮ್ಲ ಒಳಾಂಗಗಳ ಮೇಲೆ ಸುಣ್ಣದಂತೆ ಹರಳುಗಟ್ಟುತ್ತದೆ. ಭಾರತ 2006ರಲ್ಲಿ ಜಾನುವಾರುಗಳಿಗೆ ಈ ಔಷಧ ಕೊಡುವುದನ್ನು ನಿಷೇಧಿಸಿತು. ಆ ಹೊತ್ತಿಗೆ ಬಿಳಿಬೆನ್ನಿನ ರಣಹದ್ದು, 1990ರ ದಶಕದ ಆರಂಭದಲ್ಲಿ ಸಾವಿರ ಇದ್ದ ಕಡೆ ಒಂದು ಉಳಿದಿತ್ತು.

ಈ ದುರಂತದ ಗಣಿತ ಬೆಚ್ಚಿಬೀಳಿಸುವಂಥದ್ದು. ಅಂಥ ಮಹಾಕುಸಿತಕ್ಕೆ ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ಹೆಣ ವಿಷವಾಗಿದ್ದರೆ ಸಾಕಿತ್ತು. ಒಂದು ಹೆಣದ ಸುತ್ತ ಹತ್ತಾರು ಹಕ್ಕಿಗಳು ಸೇರುತ್ತವೆ. ಒಂದು ಹಕ್ಕಿ ವರ್ಷದಲ್ಲಿ ನೂರಾರು ಕಡೆ ಉಣ್ಣುತ್ತದೆ. ಹಂಚಿ ತಿನ್ನುವ ಗುಣವೇ ಸಾವನ್ನೂ ಹಂಚಿತು.

ಕಾಡಾನೆಗೆ ಯಾರೂ ನೋವಿನ ಔಷಧ ಕೊಡುವುದಿಲ್ಲ, ಹಾಗಾದರೆ ಗಂಡಭೇರುಂಡಕ್ಕೆ ಈ ವಿಷ ತಲುಪುವುದು ಹೇಗೆ? ಹಸಿವಿನ ಮೂಲಕ. ಆನೆಕಾಡು ತುಂಡಾಗುತ್ತ ಬರುತ್ತದೆ. ದಂತ, ಮರಣೋತ್ತರ ಪರೀಕ್ಷೆ, ಸೋಂಕಿನ ಭಯ ಎಂಬ ಕಾರಣಗಳಿಗೆ ಸತ್ತ ಆನೆಯನ್ನು ಹೂಳುವ ಅಥವಾ ಸುಡುವ ಕಡೆಗಳಲ್ಲಿ ಹಕ್ಕಿಗೆ ಊಟ ಕೈತಪ್ಪುತ್ತದೆ. ಆಗ ಅದು ಬೆಟ್ಟದಿಂದ ಇನ್ನೊಂದು ದಿಕ್ಕಿಗೆ, ಊರಾಚೆ ಎಸೆದ ಎತ್ತುಹಸುಗಳ ಕಡೆಗೆ ಇಳಿಯುತ್ತದೆ. ದನದ ತೊಗಲು ತೆಳು, ಸೀಳುವುದು ಸುಲಭ, ದಿನಾಲೂ ಸಿಗುತ್ತದೆ. ಮೊದಲ ಹತ್ತು ವರ್ಷ ಸಂಖ್ಯೆ ಏರಲೂಬಹುದು. ಈ ಏರಿಕೆಯನ್ನು ಕತೆಯಲ್ಲಿ ಇಡಲು ಮರೆಯಬಾರದು. ಊರವರು, ಅರಣ್ಯದವರು, ಹಕ್ಕಿ ನೋಡುವ ಹವ್ಯಾಸಿಗಳು ಎಲ್ಲರೂ ಹಿಗ್ಗಿರುವ ಹೊತ್ತಿನಲ್ಲಿ ಔಷಧದಂಗಡಿಗೆ ಹೊಸ ಶೀಷೆ ಬರುತ್ತದೆ. ಯಾರ ಮನಸ್ಸಿನಲ್ಲೂ ಕೆಡುಕಿಲ್ಲ. ಕುಂಟುವ ಎತ್ತಿನ ನೋವು ನೋಡಲಾಗದ ರೈತ ಔಷಧ ಕೊಡಿಸುತ್ತಾನೆ, ಅಷ್ಟೇ.

ಇದರ ಜೊತೆಗೆ ತಂತಿಗಳು. ಬಳ್ಳಾರಿ ಸೀಮೆಯ ಕಪ್ಪುಮಣ್ಣಿನ ಬಯಲಲ್ಲಿ ಎರೆಭೂತ ಎಂದು ಕರೆಯುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗಳಿವೆ. ದೇಶದಲ್ಲಿ ಇವು ಉಳಿದಿರುವುದು ಬಲು ಕಡಿಮೆ, ಹೆಚ್ಚಿನವು ರಾಜಸ್ಥಾನದಲ್ಲಿ. ವಿದ್ಯುತ್ ತಂತಿಗೆ ಡಿಕ್ಕಿಯಾಗಿ ಸಾಯುವುದು ಇವುಗಳ ಅಳಿವಿಗೆ ದೊಡ್ಡ ಕಾರಣ. ಹಾರುವಾಗ ನೆಲ ನೋಡಲು ತಲೆ ಬಗ್ಗಿಸಿದರೆ ಎದುರಿನದು ಕಾಣದಂಥ ಕಣ್ಣಿನ ವಿನ್ಯಾಸ, ತಟ್ಟನೆ ತಿರುಗಲಾಗದ ಭಾರದ ಮೈ. ರಣಹದ್ದುಗಳ ಕಣ್ಣಿಗೂ ಇದೇ ಮಿತಿ ಇದೆ. ನಮ್ಮ ಹಕ್ಕಿ ನೆಲದ ಮೇಲಿನ ಹೆಣ ಹುಡುಕುತ್ತ ತೇಲುವ 20 ಕಿಲೊ ಜೀವಿ. ಹಿಂದೆಂದೂ ಆಕಾಶದಲ್ಲಿ ಏನೂ ಅಡ್ಡ ಬಂದಿರಲಿಲ್ಲ.

ಇನ್ನು ಜೋಡಿಯ ಮಾತಿಗೆ ಮರಳಬೇಕು, ಏಕೆಂದರೆ ಇಳಿತ ಅಲ್ಲಿಂದ ಕುಸಿತವಾಗುತ್ತದೆ. ಷಿಕಾಗೊ ವಿಶ್ವವಿದ್ಯಾಲಯದ ವಾರ್ಡರ್ ಕ್ಲೈಡ್ ಅಲೀ 1930ರ ದಶಕದಲ್ಲಿ ಹೊನ್ನಮೀನುಗಳ ಪ್ರಯೋಗದಿಂದ ತೋರಿಸಿದ್ದರು: ವಿಷ ಬೆರೆತ ನೀರಿನಲ್ಲಿ ಒಂಟಿ ಮೀನಿಗಿಂತ ಗುಂಪಿನ ಮೀನು ಹೆಚ್ಚು ಹೊತ್ತು ಬದುಕುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಉಳಿದವರಿಗೆ ಊಟ ಹೆಚ್ಚು, ಬದುಕು ಸಲೀಸು ಎಂಬುದು ಸಾಮಾನ್ಯ ತಿಳಿವಳಿಕೆ. ಕೆಲವು ಪ್ರಾಣಿಗಳಲ್ಲಿ ಇದು ತಿರುಗುಮುರುಗು. ಕಡಿಮೆಯಾದಷ್ಟೂ ಬದುಕು ಕಷ್ಟ. ಅಲೀ ಪರಿಣಾಮ ಎಂದು ಇದಕ್ಕೆ ಹೆಸರು. ಉತ್ತರ ಅಮೆರಿಕದಲ್ಲಿ ಕೋಟಿಗಟ್ಟಲೆ ಇದ್ದ ಪ್ಯಾಸೆಂಜರ್ ಪಾರಿವಾಳ ಇದಕ್ಕೆ ಹೆಸರಾಂತ ಉದಾಹರಣೆ. ಬೇಟೆಗಾರರು ಕೊಂದದ್ದು ಅಪಾರ. ಆದರೆ ಗುಂಪು ಒಂದು ಮಿತಿಗಿಂತ ಕೆಳಗಿಳಿದ ಮೇಲೆ, ಭಾರಿ ದಂಡಿನಲ್ಲೇ ಗೂಡು ಕಟ್ಟಿ ರೂಢಿಯಿದ್ದ ಉಳಿದ ಸಾವಿರಾರು ಹಕ್ಕಿಗಳೂ ಚೇತರಿಸಿಕೊಳ್ಳಲಿಲ್ಲ. ಕೊನೆಯದಾದ ಮಾರ್ಥಾ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಳು.

ಐವತ್ತು ಜೋಡಿಗಳಿದ್ದಾಗ ಗಂಡು ಸತ್ತರೆ ಹೆಣ್ಣಿಗೆ ಮುಂದಿನ ಬೆಟ್ಟದಲ್ಲೇ ಒಂಟಿ ಗಂಡು ಸಿಕ್ಕೀತು. ಕುಣಿತ ಹೊಂದಲು ಒಂದೆರಡು ವರ್ಷ ಹಿಡಿದರೂ ಆ ತನಕ ದನದ ಹೆಣದಲ್ಲಿ, ಬೇರೆ ಜೋಡಿ ತೆರೆದಿಟ್ಟ ಆನೆಯಲ್ಲಿ ಹೊಟ್ಟೆ ಹೊರೆಯಬಹುದು. ಹತ್ತು ಜೋಡಿಗಳಷ್ಟೇ ಉಳಿದಾಗ ಮುಂದಿನ ಒಂಟಿ ಹಕ್ಕಿ ಇರುವುದು ಇನ್ನೂರು ಕಿಲೊಮೀಟರ್ ಆಚೆ. ಬೇರೆಯವರು ತೆರೆದಿಟ್ಟ ಹೆಣವೂ ಇಲ್ಲ. ಉಳಿದ ದಾರಿ ದನದ ಹೆಣ ಒಂದೇ, ಅಂದರೆ ವಿಷದ ದಾರಿ. ಹೀಗೆ ಒಂದು ಸಾವು ಎರಡಾಗುತ್ತದೆ. ತಂತಿಗೆ ಸಿಕ್ಕಿದ್ದು ಒಂದು ಹಕ್ಕಿ, ಲೆಕ್ಕದಿಂದ ಹೋದದ್ದು ಜೋಡಿ.

ವಂಶವಾಹಿಗಳ ಸಂಗತಿಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಸಂಖ್ಯೆ ಕುಗ್ಗಿದಾಗ ಹತ್ತಿರದ ನೆಂಟರಲ್ಲೇ ಜೋಡಿಯಾಗಬೇಕಾಗುತ್ತದೆ. ಅಮೆರಿಕದ ಸುಪೀರಿಯರ್ ಸರೋವರದ ಐಲ್ ರಾಯಲ್ ದ್ವೀಪದಲ್ಲಿ 1980ರಲ್ಲಿ 50 ತೋಳಗಳಿದ್ದವು. ಆಮೇಲೆ ತಲೆಮಾರುಗಳ ಒಳಸಂಬಂಧದಿಂದ ಬೆನ್ನೆಲುಬಿನ ದೋಷಗಳೂ ಹೆಚ್ಚಿದವು, 2016ರ ಹೊತ್ತಿಗೆ ಎರಡು ಉಳಿದವು. ಇಲ್ಲಿ ಕತೆಗಾರರಿಗೆ ಒಂದು ಆಸೆ ಹುಟ್ಟಬಹುದು: ಒಳಸಂಬಂಧದ ಫಲವಾಗಿ ನಿಜವಾಗಿಯೂ ಎರಡು ತಲೆಯ ಮರಿ ಹುಟ್ಟಿಸಿಬಿಡೋಣವೇ ಎಂದು. ಬೇಡ ಎನ್ನುತ್ತೇನೆ. ಹಕ್ಕಿಗಳಲ್ಲಿ ಒಳಸಂಬಂಧದ ಹಾನಿ ಹೆಚ್ಚಾಗಿ ಕಾಣುವುದು ಒಡೆಯದ ಮೊಟ್ಟೆಗಳಲ್ಲಿ. ಜೋಡಿ ಕಾವು ಕೂರುತ್ತದೆ, ದಿನ ಮುಗಿಯುತ್ತದೆ, ಮತ್ತೂ ಕೂರುತ್ತದೆ. ವಿಕಾರ ಮರಿಗಿಂತ ಇದು ಹೆಚ್ಚು ನಿಜ.

ಹಕ್ಕಿ ಕಡಿಮೆಯಾದದ್ದು ಕಾಡಿನಲ್ಲಿ ಹೇಗೆ ಗೊತ್ತಾಗಬೇಕು? ಸತ್ತ ಆನೆ ತೆರೆಯದೆ ಬಿದ್ದಿರುತ್ತದೆ. ಮೂರು ದಿನದಲ್ಲಿ ಮುಗಿಯುತ್ತಿದ್ದ ಮಾಂಸ ವಾರಗಟ್ಟಲೆ ಕೊಳೆಯುತ್ತದೆ, ಹಳ್ಳದ ನೀರು ಕೆಡುತ್ತದೆ, ತೆರೆದ ಹೆಣಕ್ಕೆ ಕಾದಿದ್ದ ಸಣ್ಣ ರಣಹದ್ದುಗಳೂ ಸೊರಗುತ್ತವೆ. ನಮ್ಮಲ್ಲಿ ನಿಜವಾಗಿ ಆದದ್ದು ಇದಕ್ಕಿಂತ ಘೋರ. ರಣಹದ್ದು ಮಾಯವಾದ ಊರುಗಳಲ್ಲಿ ಹೆಣಗಳು ಬೀದಿನಾಯಿಗಳಿಗೆ ಸಿಕ್ಕವು, ನಾಯಿಗಳು ಹೆಚ್ಚಿದವು, ಅವುಗಳ ಬೆನ್ನಿಗೆ ರೇಬಿಸ್ ಅಪಾಯವೂ ಹೆಚ್ಚಿತು. ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 2000ದಿಂದ 2005ರ ನಡುವೆ ರಣಹದ್ದುಗಳಿಲ್ಲದ ಕಾರಣ ಭಾರತದಲ್ಲಿ ಸುಮಾರು ಐದು ಲಕ್ಷ ಹೆಚ್ಚುವರಿ ಮನುಷ್ಯ ಸಾವುಗಳಾದವು. ಕಾಲ್ಪನಿಕ ಪ್ರಾಣಿಯ ಅಳಿವನ್ನು ಬರೆಯುವವರು ಅದರ ಸುತ್ತಲಿನ ಊರುಗಳಲ್ಲಿ ಇಂಥ ಬದಲಾವಣೆ ತೋರಿಸದಿದ್ದರೆ, ಆ ಪ್ರಾಣಿ ಅಲ್ಲಿ ಇತ್ತೆಂದೇ ನಾನು ನಂಬಲಾರೆ.

ಕೊನೆಯದು, ಉಳಿಸುವ ಬಗೆ. ಕ್ಯಾಲಿಫೋರ್ನಿಯಾ ಕಾಂಡರ್ 1987ರಲ್ಲಿ 27ಕ್ಕೆ ಇಳಿದಾಗ ಎಲ್ಲವನ್ನೂ ಹಿಡಿದು ಸಾಕತೊಡಗಿದರು. ಮೊದಲ ಮೊಟ್ಟೆ ತೆಗೆದರೆ ಹಕ್ಕಿ ಎರಡನೆಯದಿಡುತ್ತದೆಂಬ ಗುಣವನ್ನು ಬಳಸಿಕೊಂಡು, ಕಾಂಡರ್ ತಲೆಯ ಕೈಗೊಂಬೆಯಿಂದ ಮರಿಗಳಿಗೆ ಉಣಿಸಿ ಬೆಳೆಸಿದರು. 1992ರಿಂದ ಕಾಡಿಗೆ ಬಿಟ್ಟಾಗ ಗೊಂಬೆ ಸಾಕಿದ ಹಕ್ಕಿಗಳು ಮನುಷ್ಯರ ಬಳಿ ಸುಳಿದಾಡಿದವು, ಮನೆಗಳ ಮೇಲೆ ಕೂತವು. ಹಿರಿಯ ಕಾಂಡರುಗಳ ಜೊತೆ ಬಿಟ್ಟು ಕಲಿಸಿದ ಮೇಲೆ ನಡತೆ ಸುಧಾರಿಸಿತು. ಇಂದು ಅವು 500 ದಾಟಿವೆ, ಬೇಟೆಗುಂಡಿನ ಸೀಸದ ವಿಷ ಮಾತ್ರ ಇನ್ನೂ ಬಿಟ್ಟಿಲ್ಲ. ಆಸ್ಟ್ರೇಲಿಯಾದ ರೀಜೆಂಟ್ ಹನಿಈಟರ್ ಹಕ್ಕಿಗಳಲ್ಲಿ ಕಲಿಸುವ ಹಿರಿಯರೇ ವಿರಳವಾಗಿ, ಎಳೆಯ ಗಂಡುಗಳು ಬೇರೆ ಜಾತಿಯ ಹಕ್ಕಿಗಳ ಹಾಡು ಕಲಿಯುತ್ತಿವೆ ಎಂದು 2021ರ ಅಧ್ಯಯನ ತೋರಿಸಿತು. ಅಂಥ ಗಂಡಿನ ಹತ್ತಿರ ಹೆಣ್ಣು ಬರುವುದು ಕಡಿಮೆ.

ಗಂಡಭೇರುಂಡಕ್ಕೂ ಇದೇ ತೊಡಕು, ಇನ್ನೂ ಬಿಗಿಯಾಗಿ. ಮರಿಗಳು ಕುಣಿತವನ್ನೂ ತೊಗಲು ಕೊಯ್ಯುವ ಸರದಿಯನ್ನೂ ಕಲಿಯುವುದು ತಾಯಿತಂದೆಯನ್ನು ನೋಡಿ. ಪಂಜರದಲ್ಲಿ ಕಡಿದ ಮಾಂಸ ತಿಂದು ಬೆಳೆದ ನೂರು ಹಕ್ಕಿಗಳನ್ನು ಕಾಡಿಗೆ ಬಿಟ್ಟರೆ ಅವು ಆನೆಯ ಹೆಣದ ಸುತ್ತ ಸುಮ್ಮನೆ ಕೂರುತ್ತವೆ. ಆದ್ದರಿಂದ ನಮ್ಮ ಕತೆಯಲ್ಲಿ ಮೊದಲು ಹಿಡಿಯಬೇಕಾದದ್ದು ಮರಿಗಳನ್ನಲ್ಲ, ಇನ್ನೂ ಮುರಿಯದ ಹಳೆಯ ಜೋಡಿಯೊಂದನ್ನು. ಅದನ್ನೂ ರಾಮನಗರದ ರಾಮದೇವರ ಬೆಟ್ಟದಂಥ ಕಡೆ, ಬಂಡೆಯ ಮೇಲೇ, ದೊಡ್ಡ ಬಲೆಮನೆ ಕಟ್ಟಿ ಇಡಬೇಕು. 2012ರಲ್ಲಿ ರಣಹದ್ದು ಧಾಮವೆಂದು ಘೋಷಣೆಯಾದ ಆ ಬೆಟ್ಟದಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಇಂದು ಬೆರಳೆಣಿಕೆಯಷ್ಟಿವೆ. ಬಲೆಮನೆಯೊಳಗೆ ಎಳೆಯ ಹಕ್ಕಿಗಳನ್ನು ಹಳೆಯ ಜೋಡಿಯ ಕಣ್ಣಳತೆಯಲ್ಲಿ ಬಿಟ್ಟು, ತಿಂಗಳಿಗೊಮ್ಮೆ ಔಷಧ ಸೋಕದ, ತೊಗಲು ಸುಲಿಯದ ಇಡೀ ಹೆಣ ತಂದಿಡಬೇಕು. ಅವು ಸರದಿ ಕಲಿಯಲು ಎಂಟು ವರ್ಷ ಬೇಕು. ಅಷ್ಟರೊಳಗೆ ಸುತ್ತಲ ನೂರು ಕಿಲೊಮೀಟರಿನ ಔಷಧದಂಗಡಿಗಳಿಂದ ಆ ಶೀಷೆ ಹೋಗಿರಬೇಕು.